ಕಿಹೇಯಿ ಅಂಗಡಿಯ ಖಾಲಿ ಜಾಡಿ

"ತಳ ಕಾಣ್ತಿದೆ ಸಾಹೇಬ್ರೇ, ತಳ! ಹುಟ್ಟಿದಾಗಿಂದ ನಾನು ಇದರ ತಳ ನೋಡಿದವನೇ ಅಲ್ಲ!"

ಮುದುಕ ಕಿಹೇಯಿ ಜಾಡಿಯನ್ನು ವಾಲಿಸಿ ತೋರಿಸಿದ. ಚೌಕಿಯ ಪೊಲೀಸ್ ಕುಸಾನೊ ಬಗ್ಗಿ ನೋಡಿದ. ಜಾಡಿ ಖಾಲಿ!

ಅಕ್ಕಿಯ ಬಿಲ್ಲೆ ಒಣಗಿಸಿ, ಕೆಂಡದ ಮೇಲೆ ಸುಟ್ಟು, ಈ ಜಾಡಿಯ ಸೋಯಾ ರಸ ಬಳಿದರೆ ಕಿಹೇಯಿ ಅಂಗಡಿಯ ಗರಿಗರಿ ತಿಂಡಿ ಸೆಂಬೆ. ಇಳಿದಷ್ಟು ಹೊಸದು ಸುರಿಯುತ್ತ, ಮುತ್ತಾತನ ಕಾಲದಿಂದ ಬತ್ತಲು ಬಿಡದ ರಸ ಅದು. ಆ ರುಚಿ ಹತ್ತಿಸಿಕೊಂಡಿದ್ದ ಕುಸಾನೊಗೆ ಕಳ್ಳ ತನ್ನ ನಾಲಿಗೆಯನ್ನೇ ಕಿತ್ತುಕೊಂಡು ಹೋದಷ್ಟು ಸಿಟ್ಟು ಬಂತು.

ಅದೇ ಸಂಜೆ ಆ ಜಾಡಿ ಅಳಿಯ ಎಯ್ಸಾಕುವಿನ ಕೈ ಸೇರಬೇಕಿತ್ತು. ಜಾಡಿ ಯಾರದೋ ಅಂಗಡಿ ಅವರದು. ಮಾವನ ಮನೆಹೆಸರನ್ನೇ ಇಟ್ಟುಕೊಂಡು ಮನೆ ತುಂಬಿದ ಅಳಿಯ. ಬಂದು ಇನ್ನೂ ವರ್ಷವಾಗಿಲ್ಲ.

"ನೀವೆಲ್ಲಿದ್ರಿ?" ಕುಸಾನೊ ಅವನನ್ನು ಕೇಳಿದ.

"ಮಾವನವರ ಜೊತೆ ಗುಡೀಲಿ," ಎಂದ ಎಯ್ಸಾಕು. ಅವನ ಎರಡು ಬೆರಳಿಗೆ ಸುಟ್ಟ ಗಾಯದ ಪಟ್ಟಿ.

ಹಳೇ ಕೆಲಸಗಾರ ಜಿನ್ಪಾಚಿ ತಾನಾಗಿಯೇ ಸಿಡಿದ. "ನನ್ನ ಯಾಕೆ ಹಂಗೆ ನೋಡ್ತೀರಿ? ಹೌದ್ರೀ, ಹೊಟ್ಟೆ ಉರೀತಿದೆ! ತಲೆ ನರೆಯೋವರೆಗೂ ಕೆಂಡದ ಮುಂದೆ ಬೆಂದವನು ನಾನು. ಜಾಡಿ ಮೊನ್ನೆ ಬಂದ ಮದುಮಗನಿಗೆ! ಆದ್ರೆ ನಾನಿದ್ದದ್ದು ಊರ ಸ್ನಾನದ ಮನೇಲಿ. ಹೋಗಿ ಕೇಳಿ."

ಬಾಗಿಲಿಗೆ ಪೆಟ್ಟಿಲ್ಲ, ಬೀಗ ಮುರಿದಿಲ್ಲ. ಕುಸಾನೊ ಹಿತ್ತಲಿಗೆ ಹೋದ. ಬಿದಿರ ಜಾಲರಿಗಳ ಮೇಲೆ ಬಿಲ್ಲೆಗಳು ಬಿಸಿಲಿಗೆ ಮೈಯೊಡ್ಡಿ ಮಲಗಿದ್ದವು. ಒಂದೊಂದನ್ನೂ ನೋಡುತ್ತ ಆತ ಬಹಳ ಹೊತ್ತು ನಿಂತ.

ಒಳಗೆ ಬಂದಾಗ ಕಿಹೇಯಿಯ ಮಗಳು ಫುಮಿ ಗಂಟು ಹಿಡಿದು ಆಗಷ್ಟೇ ಹೊಸ್ತಿಲು ದಾಟುತ್ತಿದ್ದಳು.

"ಏನಾಯ್ತು? ಇಷ್ಟೊಂದು ಜನ?"

"ನೀವೆಲ್ಲಿದ್ರಮ್ಮಾ?"

"ಚಿಕ್ಕಮ್ಮನ ಮನೇಲಿ. ಸಂಜೆಗೆ ಒಳ್ಳೇ ತಟ್ಟೆ ಬೇಕಿತ್ತಲ್ಲ. ಬೆಳಿಗ್ಗೆ ಹಸಿ ಬಿಲ್ಲೆ ಹರವಿ ಹೋದವಳು, ಬರ್ತಿರೋದು ಈಗಲೇ."

ಕುಸಾನೊ ಮುದುಕನ ಕಡೆ ತಿರುಗಿದ. "ಯಜಮಾನ್ರೇ, ಬಿಲ್ಲೆಗಳನ್ನ ತಿರುವಿದ್ದು ಯಾರು?"

"ಯಾರೋ ತಿರುವಿರ್ತಾರೆ. ಜಾಡಿ ಹೋಗಿದೆ ಅಂದ್ರೆ ಬಿಲ್ಲೆ ಕೇಳ್ತೀರಲ್ಲ!"

"ಜಿನ್ಪಾಚಿ ತಿರುವ್ತಾರಾ?"

"ಕೆಂಡ ಬಿಟ್ಟು ಗಂಡಸರು ಬಿಲ್ಲೆಗೆ ಕೈ ಹಾಕ್ತಾರಾ? ಅದು ನಮ್ಮ ಫುಮಿ—"

ಮುದುಕ ಮಗಳ ಕಡೆ ತಿರುಗಿದ.

"ಹಸಿ ಬಿಲ್ಲೆಗೆ ಅಡಿಯಿಂದ ಜಾಲರಿಯ ಗೆರೆ ಒತ್ತುತ್ತೆ," ಎಂದ ಕುಸಾನೊ. "ಬೆಳಿಗ್ಗೆ ಹರವಿದ ಬಿಲ್ಲೆಗಳಲ್ಲಿ ಈಗ ಆ ಗೆರೆ ಮೇಲಿದೆ. ಒಂದೂ ಬಿಟ್ಟಿಲ್ಲ. ಜಾಡಿ ಬರಿದು ಮಾಡೋಕೆ ಬಂದವರು, ಬಿಲ್ಲೆ ಸೊಟ್ಟಗಾಗ್ತಿದೆ ಅಂತ ತಿರುವಿ ಹೋಗಿದಾರೆ. ತಡೆಯೋಕೆ ಆಗಿಲ್ಲ ಆ ಕೈಗೆ. ನಾವೆಲ್ಲ ಅದರ ಪಕ್ಕದಲ್ಲೇ ಓಡಾಡಿದ್ವಿ. ಯಾರಿಗೂ ಕಾಣ್ಲಿಲ್ಲ. ಯಾಕೆ? ಬಿಲ್ಲೆ ಯಾರು ತಿರುವಿದ್ರು ಅಂತ ಈ ಮನೇಲಿ ಯಾವತ್ತಾದ್ರೂ ಯಾರಾದ್ರೂ ಕೇಳಿದ್ದುಂಟಾ? ಅಲ್ವೇನಮ್ಮಾ ಫುಮಿ?"

ಫುಮಿ ಗಂಟನ್ನು ಮೆಲ್ಲಗೆ ಕೆಳಗಿಟ್ಟಳು.

"ಚೆಲ್ಲಿಬಿಟ್ಟೆಯಾ?" ಕಿಹೇಯಿ ಮಗಳ ಮುಂದೆ ಬಂದ.

"ಚೆಲ್ಲೋಕೆ ಕೈ ಬರುತ್ತಾ ಅಪ್ಪಾ? ಉಪ್ಪಿನಕಾಯಿ ಪೀಪಾಯೀಲಿದೆ. ಒಂದು ಹನೀನೂ ಹೋಗಿಲ್ಲ." ಅವಳು ಗಂಡನತ್ತ ನೋಡಿದಳು. "ಇವರ ಕೈ ಹಿಡಿದು ತೋರಿಸ್ತಿದ್ರಿ. ‘ಹೀಗಲ್ಲ ಮಗನೇ, ಹೀಗೆ’ ಅಂತ. ನಾನು ಕೆಂಡದ ಹತ್ತಿರ ಬಂದ್ರೆ ಕಣ್ಣಲ್ಲೇ ಅಟ್ಟುತ್ತಿದ್ರಿ. ಆ ‘ಮಗನೇ’ ಕೇಳಿದಾಗೆಲ್ಲ ನನ್ನ ಎದೆಗೇ ಕೆಂಡ ಸುರಿದಂಗಾಗ್ತಿತ್ತು."

ಎಯ್ಸಾಕು ಎದ್ದ. ಒಲೆಯ ಮುಂದಿನ ತನ್ನ ಕೂರುವ ದಿಂಬನ್ನು ಹೆಂಡತಿಯ ಕಡೆ ಜರುಗಿಸಿದ. "ಕೂತ್ಕೋ. ನನ್ನ ಬೆರಳಾದ್ರೂ ಉಳೀಲಿ."

ಕಿಹೇಯಿ ಬೇಡ ಎನ್ನಲಿಲ್ಲ.

ಫುಮಿ ನಿನ್ನೆಯ ಒಣ ಬಿಲ್ಲೆಯೊಂದನ್ನು ಸುಟ್ಟಳು. ಒತ್ತಿದಳು, ಮಗುಚಿದಳು, ಪೀಪಾಯಿಯ ರಸ ಬಳಿದಳು. ಮುದುಕ ಕಟುಂ ಎಂದು ಕಚ್ಚಿದ. ಬಹಳ ಹೊತ್ತು ಅಗಿದ.

"ಉಪ್ಪಿನಕಾಯಿ ವಾಸನೆ," ಎಂದ. "ಪೀಪಾಯಿ ಸರಿಯಾಗಿ ತೊಳೆದಿಲ್ಲ. ರಸಾನ ಜಾಡಿಗೆ ಸುರಿದು ನಿನ್ನ ಪಕ್ಕದಲ್ಲೇ ಇಟ್ಕೋ. ವಾಸನೆ ಹೋಗೋವರೆಗೂ ನೀನೇ ಸುಡು." ಮತ್ತೆ ಕೈ ಚಾಚಿದ. "ಇನ್ನೊಂದು ಕೊಡು."

ಹಿತ್ತಲಲ್ಲಿ ಎಯ್ಸಾಕು, ಪಟ್ಟಿ ಕಟ್ಟಿದ ಬೆರಳುಗಳಲ್ಲಿ, ಬಿಲ್ಲೆಗಳನ್ನು ಒಂದೊಂದಾಗಿ ತಿರುವುತ್ತಿದ್ದ.