ಒಂದೇ ಪದದ ಉತ್ತರ

"ರಕ್ತ ಕೊಟ್ಟು ಬಂದಿದ್ದೇನೆ. ರಿಪೋರ್ಟ್ ಬರುವ ತನಕ ನೀವು ಒಪ್ಪಿಗೆ ಹೇಳಬೇಡಿ."

ಹೆಣ್ಣು ನೋಡಲು ಬಂದ ಜೂಲಿಯನ್‌ಗೆ ಶರಲ್ ಹೇಳಿದ ಮೊದಲ ಮಾತೇ ಇದು. ಒಮಾನಿನ ಸೀಬ್ ಪಟ್ಟಣದ ಮಾರುಕಟ್ಟೆ ಸೂಕ್‌ನ ಪಕ್ಕದ ಚಹಾದಂಗಡಿಯಲ್ಲಿ ಅವನು ತುಟಿಯವರೆಗೆ ಒಯ್ದ ಕಪ್ಪನ್ನು ಹಾಗೇ ಕೆಳಗಿಟ್ಟ.

"ಯಾವ ರಿಪೋರ್ಟ್?"

"ನನ್ನ ಮಮ್ಮಿ ಮೂವತ್ತೊಂಬತ್ತಕ್ಕೆ ಸ್ತನ ಕ್ಯಾನ್ಸರಿನಲ್ಲಿ ತೀರಿಹೋದದ್ದು. ದೊಡ್ಡಮ್ಮನೂ ಅದರಲ್ಲೇ. ಆ ಜೀನ್ ನನಗೂ ಬಂದುಂಟಾ ಅಂತ ಟೆಸ್ಟ್."

"ಹುಡುಗನಿಗೆ ಈಗ ಹೇಳಬೇಡ, ಮದುವೆ ಆದ ಮೇಲೆ ನೋಡುವ" ಎಂದು ಮಂಗಳೂರಿನಿಂದ ಪಪ್ಪ ಫೋನಿನಲ್ಲಿ ಬೇಡಿಕೊಂಡಿದ್ದರು. ಮುಚ್ಚಿಟ್ಟು ಮದುವೆಯಾಗುವ ಜಾಯಮಾನ ಅವಳದ್ದಲ್ಲ. ಮುರಿಯುವುದಿದ್ದರೆ ಇವತ್ತೇ ಮುರಿಯಲಿ ಎಂದೇ ಬಂದಿದ್ದಳು.

"ಎಷ್ಟು ದಿನ ಬೇಕು?"

"ನಾಲ್ಕು ವಾರ."

"ಸರಿ. ಕಾಯುವಾಗ ಒಟ್ಟಿಗೆ ಚಹಾ ಕುಡಿಯಬಹುದಲ್ಲ?"

ಪುಣ್ಯಾತ್ಮ ಮಾತಿಗೆ ತಪ್ಪಲಿಲ್ಲ. ದೂರದ ಸೂರ್ ಪಟ್ಟಣದ ಗ್ಯಾಸ್ ಪ್ಲಾಂಟಿನಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದವನು, ಪ್ರತಿ ಶುಕ್ರವಾರ ಎರಡೂವರೆ ಗಂಟೆ ಕಾರು ಓಡಿಸಿ ಬರುತ್ತಿದ್ದ. ಮೂರನೆಯ ಶುಕ್ರವಾರ ಅವನು ಹತ್ತು ನಿಮಿಷ ತಡವಾದಾಗ ಶರಲ್ ಹತ್ತು ಸಲ ರಸ್ತೆ ನೋಡಿದಳು. ಬೇಡ ಬೇಡ ಎಂದುಕೊಂಡೇ ಅವನನ್ನು ಹಚ್ಚಿಕೊಂಡಿದ್ದಳು.

ರಿಪೋರ್ಟ್ ಬಂದದ್ದು ಒಂದು ಮಂಗಳವಾರ. ಪಾಸಿಟಿವ್.

ಇದು ಕಾಯಿಲೆಯಲ್ಲ, ಕಾಯಿಲೆ ಬರುವ ಸಾಧ್ಯತೆ ಹೆಚ್ಚು ಎಂದಷ್ಟೇ ಅರ್ಥ ಎಂದು ಡಾಕ್ಟರ್ ನಿಧಾನವಾಗಿ ವಿವರಿಸಿದರು. ಆಗಾಗ ತಪಾಸಣೆ, ಮುಂದೆ ಬೇಕಾದರೆ ಆಪರೇಷನ್. ಮಕ್ಕಳಾದರೆ ಅವರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅವಳು ತಲೆಯಾಡಿಸಿದಳು. ಕಿವಿಯಲ್ಲಿ ಮಾತ್ರ ಮಮ್ಮಿಯ ಕೊನೆಯ ತಿಂಗಳ ನರಳಾಟವೇ ಕೇಳುತ್ತಿತ್ತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಜೂಲಿಯನ್‌ಗೆ ಬರೆದಳು. ಕೊನೆಗೆ, "ಈಗ ನಿಮ್ಮ ನಿರ್ಧಾರ ಹೇಳಿ."

ನಿಮಿಷದೊಳಗೆ ಉತ್ತರ ಬಂತು. ಒಂದೇ ಪದ.

"ಖಲಾಸ್."

ಖಲಾಸ್... ಊರಿನಲ್ಲಿ ಆ ಪದಕ್ಕಿರುವುದು ಒಂದೇ ಅರ್ಥ. ಕಥೆ ಮುಗಿಯಿತು. ಒಮಾನಿಗೆ ಬಂದು ಎಂಟೇ ತಿಂಗಳಾಗಿದ್ದ, ಶಾಲೆ ಮತ್ತು ಬಾಡಿಗೆ ರೂಮು ಬಿಟ್ಟು ಬೇರೇನೂ ಕಾಣದ ಟೀಚರಮ್ಮನಿಗೆ ಇನ್ನೊಂದು ಅರ್ಥ ಹೇಳುವವರು ಯಾರು?

'ಒಂದು ಫೋನ್ ಮಾಡಿ ಬೇಡ ಅನ್ನಬಹುದಿತ್ತಲ್ಲ...' ಅವಳು ಅವನ ನಂಬರನ್ನು ಬ್ಲಾಕ್ ಮಾಡಿದಳು.

ಮರುದಿನ ಶಾಲೆ ಬಿಡುವ ಹೊತ್ತಿಗೆ ಜೂಲಿಯನ್ ಗೇಟಿನ ಹೊರಗೆ ನಿಂತಿದ್ದ. ಪ್ಲಾಂಟಿನ ಸಮವಸ್ತ್ರವನ್ನೂ ಬದಲಿಸಿರಲಿಲ್ಲ.

"ಎಲ್ಲ ಮುಗೀತಲ್ಲ, ಮತ್ತೆ ಯಾಕೆ ಬಂದದ್ದು?"

"ಏನು ಮುಗಿದದ್ದು?"

ಅವಳು ಫೋನ್ ತೋರಿಸಿದಳು. ಅವನ ಮುಖ ಬಿಳಿಚಿಕೊಂಡಿತು.

"ಅಯ್ಯೋ ದೇವರೇ. ಸೈಟಿನಲ್ಲಿ ನಾವು ದಿನಕ್ಕೆ ನೂರು ಸಲ ಹೇಳ್ತೇವೆ ಮಾರಾಯ್ತಿ. ಇಲ್ಲಿಯ ಅರಬಿಯಲ್ಲಿ ಖಲಾಸ್ ಅಂದರೆ ಆಯ್ತು, ತೀರ್ಮಾನ ಆಯ್ತು ಅಂತ. ನಾನು ಒಪ್ಪಿದೆ ಅಂತ ಬರೆದದ್ದು. ಒಳಗೆ ಹೋಗುವಾಗ ಫೋನ್ ಲಾಕರಿನಲ್ಲಿ ಇಡಬೇಕು, ಅವಸರದಲ್ಲಿ ಅಷ್ಟೇ ಬರೆದೆ. ಆಮೇಲೆ ಫೋನ್ ಮಾಡಿದರೆ ಹೋಗುವುದೇ ಇಲ್ಲ."

ಶರಲ್ ಅವನ ನಂಬರಿನ ಬ್ಲಾಕ್ ತೆಗೆದಳು. ಆದರೂ ನಗು ಬರಲಿಲ್ಲ.

"ಪದದ ಅರ್ಥ ಗೊತ್ತಾಯ್ತು. ರಿಪೋರ್ಟಿನ ಅರ್ಥ ನಿಮಗೆ ಗೊತ್ತುಂಟಾ? ನಾಳೆ ನನ್ನ ಎದೆಯನ್ನೇ ತೆಗೆಯಬೇಕಾಗಬಹುದು. ಮಕ್ಕಳು ಬೇಕಾ ಅಂತ ಹತ್ತು ಸಲ ಯೋಚಿಸಬೇಕು."

"ಎಲ್ಲ ಓದಿದೆ. ಏನೂ ಆಗುವುದಿಲ್ಲ, ಧೈರ್ಯವಾಗಿ..."

"ಹಾಗೆ ಹೇಳಬೇಡಿ." ಅವಳು ತಡೆದಳು. "ಪಪ್ಪನೂ ಮಮ್ಮಿಗೆ ಹಾಗೇ ಹೇಳ್ತಿದ್ದರು. ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದು ಬರ್ತಿದ್ದರು. ಮಮ್ಮಿ ಕೊನೆತನಕ ಒಬ್ಬಳೇ ಹೆದರಿದಳು. ನನಗೆ ಅದು ಆಗುವುದಿಲ್ಲ ಜೂಲಿಯನ್."

ಶಾಲೆಯ ಕೊನೆಯ ಬಸ್ಸೂ ಹೊರಟುಹೋಯಿತು. ಕಣ್ಣು ತುಂಬಿ ಬಂದದ್ದನ್ನು ಅವನು ಒರೆಸಿಕೊಳ್ಳಲಿಲ್ಲ.

"ನಿನ್ನೆಯಿಂದ ಊಟ ಸೇರಲಿಲ್ಲ. ನೀನು ಇಲ್ಲದೆ ಹೋದರೆ ಅಂತ... ನನಗೆ ತುಂಬಾ ಹೆದರಿಕೆ ಆಗ್ತದೆ ಶರಲ್."

ಅವಳು ಮೊದಲ ಬಾರಿ ಅವನ ಕೈ ಹಿಡಿದಳು.

"ನನಗೂ. ಬಾ, ಒಟ್ಟಿಗೆ ಹೆದರುವ."