ಲೇಬಲ್ಲಿನ ಹಿಂದಿನ ಕತ್ತಲೆ

"ಏಯ್! ಯಾರ್ರೀ ನೀವು? ನನ್ನ ಟ್ಯೂಬ್‌ಗಳ ಲೇಬಲ್ ಯಾಕೆ ಕೀಳ್ತಿದ್ದೀರಾ?"

ಆಸ್ಪತ್ರೆಯ ಲ್ಯಾಬಿನ ಬಾಗಿಲಲ್ಲೇ ನಿಂತು ಅವಳು ಕೂಗಿದಳು. ಹಿಂದೊಮ್ಮೆ ಇಬ್ಬರು ರೋಗಿಗಳ ಸ್ಯಾಂಪಲ್ ಅದಲುಬದಲಾಗಿತ್ತು. ಅಂದಿನಿಂದ ಟ್ಯೂಬಿನ ಸುತ್ತಲೂ ಬರುವಂತೆ ದಪ್ಪಕ್ಷರದ ಲೇಬಲ್ ಅಂಟಿಸುವುದು ಅವಳ ಪದ್ಧತಿ. ಅದನ್ನು ಯಾರೋ ಅಪರಿಚಿತ ಬಾಳೆಹಣ್ಣು ಸುಲಿದ ಹಾಗೆ ಸುಲಿಯುತ್ತಿದ್ದಾನೆ!

ಅವನು ತಿರುಗಿದ. "ಕ್ಷಮಿಸಿ... ನಾನೇ. ದಿನಾ ಮಧ್ಯಾಹ್ನ ಫೋನ್ ಮಾಡ್ತೀನಲ್ಲ..."

ಆ ದನಿ! ಮುಖ ನೋಡುತ್ತಿರುವುದು ಮಾತ್ರ ಇದೇ ಮೊದಲು.

ಈ ಲ್ಯಾಬಿಗೆ ಬೆಳಕಿನ ಪೆಟ್ಟಿಗೆ ಮಾಡಿ ಕಳಿಸಿದ ವಿಜ್ಞಾನಿ ಇವನೇ. ಸ್ಯಾಂಪಲ್‌ಗೆ ಎರಡು ಹನಿ ಬಣ್ಣದ ರಾಸಾಯನಿಕ ಹಾಕಿ ಆ ಪೆಟ್ಟಿಗೆಯಲ್ಲಿ ಇಪ್ಪತ್ತು ನಿಮಿಷ ಇಟ್ಟರೆ, ಬೆಳಕು ಬಿದ್ದು ರಾಸಾಯನಿಕ ಚುರುಕಾಗಿ ವೈರಸ್ಸನ್ನು ಕೊಲ್ಲುತ್ತದೆ. ಸತ್ತ ವೈರಸ್ಸಿನ ಗುರುತು ಉಳಿಯುವುದರಿಂದ ಪರೀಕ್ಷೆಗೆ ತೊಂದರೆಯಿಲ್ಲ, ಪರೀಕ್ಷೆ ಮಾಡುವವರಿಗೂ ಅಪಾಯವಿಲ್ಲ. ಒಂದು ತಿಂಗಳಿಂದ, ಫಲಿತಾಂಶ ಕೇಳಲು ಬರುವ ಅವನ ಕರೆಗಾಗಿ ಇವಳು ಊಟವನ್ನೂ ಮುಂದೂಡುತ್ತಿದ್ದಳು. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದಳು, ಪಾಪ!

"ಹೋದ ವಾರದ ಮೂರು ಟ್ಯೂಬಲ್ಲಿ ವೈರಸ್ ಸತ್ತಿಲ್ಲ," ಅವನ ದನಿ ಕುಗ್ಗಿತ್ತು. "ಲೇಬಲ್ ಮುಚ್ಚಿರೋ ಕಡೆ ಬೆಳಕು ಒಳಗೆ ಹೋಗಿಲ್ಲ."

ಹೋದ ವಾರ... ಈ ಪೆಟ್ಟಿಗೆಯನ್ನು ನಂಬಿಯೇ ಅಕ್ಕನ ಮಗುವನ್ನು ಮೊದಲ ಸಲ ಎತ್ತಿಕೊಂಡಿದ್ದಳು. ಲ್ಯಾಬಿನ ಸೋಂಕು ತಗಲೀತೆಂದು ಹುಟ್ಟಿದಾಗಿನಿಂದ, ಎಂಟು ತಿಂಗಳು, ದೂರದಿಂದಲೇ ನೋಡಿದ್ದ ಮಗು! ಇವತ್ತು ಬೆಳಿಗ್ಗೆ ಅದಕ್ಕೆ ಜ್ವರ.

"ಮಗುಗೇನಾದ್ರೂ ಆದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ!"

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೊರಟುಹೋದಳು. ಮನೆಗಲ್ಲ. ತನಗೂ ಸೋಂಕು ತಗಲಿದೆಯೋ ಏನೋ ಎಂದು, ಪರೀಕ್ಷೆ ಮುಗಿಯುವವರೆಗೆ ಆಸ್ಪತ್ರೆಯ ಮೇಲ್ಮಹಡಿಯ ಕೋಣೆಗೆ, ಒಬ್ಬಳೇ.

ಲ್ಯಾಬಿನ ಮುಖ್ಯಸ್ಥೆ ಫೋನ್ ಮಾಡಿದರು. "ಲೇಬಲ್ಲಿಂದ ಹೀಗಾಗಿದೆ ಅಂತ ಅವರು ರಿಪೋರ್ಟ್ ಕೊಟ್ಟಿದ್ದಾರಮ್ಮ."

'ಓಹೋ! ತಪ್ಪನ್ನೆಲ್ಲ ನನ್ನ ತಲೆಗೇ ಕಟ್ಟಿದರಾ?'

ಮಧ್ಯಾಹ್ನ ಅವನ ಕರೆ ಬಂದಾಗಲೆಲ್ಲ ಫೋನನ್ನು ಮಗುಚಿ ಹಾಕಿದಳು. ಆಮೇಲೆ ತಾನೇ ಅತ್ತಳು.

ಮೂರನೆಯ ದಿನ ಅಕ್ಕನ ಫೋನ್. "ಮಗುಗೆ ಬರೀ ನೆಗಡಿ ಕಣೇ! ರಿಪೋರ್ಟ್ ನೆಗೆಟಿವ್!" ಅವಳು ಅದನ್ನೇ ಅಕ್ಕನಿಂದ ಎರಡು ಸಲ ಹೇಳಿಸಿದಳು. ಐದನೆಯ ದಿನ ಅವಳ ಕೊನೆಯ ಪರೀಕ್ಷೆಯೂ ನೆಗೆಟಿವ್ ಬಂತು.

ಅಂದು ಮುಖ್ಯಸ್ಥೆ ಅವಳ ಕೈಗೆ ಒಂದು ಹಾಳೆ ಕೊಟ್ಟರು. "ಅರ್ಧ ಕೇಳಿ ಮುಖ ಊದಿಸ್ಕೊಂಡಿದ್ದೀಯಲ್ಲ, ಪೂರ್ತಿ ಓದು."

'ತಪ್ಪು ನನ್ನದು. ಲೇಬಲ್ ಹೇಗಿರಬೇಕೆಂದು ಸೂಚನೆಯಲ್ಲಿ ಬರೆಯಲು ಮರೆತೆ. ಲ್ಯಾಬ್ ಸಿಬ್ಬಂದಿಯದು ಯಾವ ಲೋಪವೂ ಇಲ್ಲ. ಸರಿಪಡಿಸುವವರೆಗೆ ಪೆಟ್ಟಿಗೆಯ ಬಳಕೆ ನಿಲ್ಲಿಸಿ.' ಕೆಳಗೆ ಅವನ ಸಹಿ. ಮೂರು ವರ್ಷದ ದುಡಿಮೆಯನ್ನು ತಾನೇ ನಿಲ್ಲಿಸಿದ್ದ.

ಅವನು ಹೊರಗಿನ ಬೆಂಚಿನ ಮೇಲೇ ಇದ್ದ, ಗಡ್ಡ ಬಿಟ್ಟುಕೊಂಡು.

"ಲೇಬಲ್ ಅಂಟಿಸಿದ್ದು ನಾನು. ನನ್ನ ತಪ್ಪು ಅಂತಾನೇ ಬರೀಬಹುದಿತ್ತಲ್ಲ?" ಅವಳು ಕೇಳಿದಳು.

"ಒಬ್ಬ ರೋಗಿಗೂ ಮೋಸ ಆಗಬಾರದು ಅಂತ ಅಂಟಿಸಿದ್ರಿ. ಅದನ್ನ ತಪ್ಪು ಅಂತ ಹೇಗೆ ಬರೀಲಿ?"

"ನಿಮ್ಮ ಪೆಟ್ಟಿಗೆ?"

"ಇನ್ನೊಂದು ಮಾಡ್ಬಹುದು. ನೀವು ಫೋನ್ ಎತ್ತಲಿಲ್ಲ ಅಂದ್ರೆ... ಮಧ್ಯಾಹ್ನ ಆಗೋದೇ ಬೇಡ ಅನ್ಸತ್ತೆ."

ಅವಳ ಕಣ್ಣು ತುಂಬಿ ಬಂತು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ?

"ಸಂಜೆ ಮಗು ನೋಡೋಕೆ ಹೋಗ್ತಿದ್ದೀನಿ. ಬರ್ತೀರಾ?"

"ಬರ್ತೀನಿ... ಆದ್ರೆ ಮನೇಲಿ ನನ್ನ ಯಾರು ಅಂತ ಹೇಳ್ತೀರಾ?"

ಅವಳು ತಲೆ ತಗ್ಗಿಸಿದಳು. "ನಾನು ಆ ಮಗುಗೆ ಚಿಕ್ಕಮ್ಮ..."

"ಸರಿ. ನಾನು?"

"ಇಷ್ಟೆಲ್ಲ ಓದಿದ್ದೀರಾ, ಅಷ್ಟೂ ಗೊತ್ತಾಗಲ್ವಾ?"

ಒಂದು ಕ್ಷಣ ಪೆದ್ದನಂತೆ ನಿಂತವನ ಮುಖ ಅರಳಿತು. "ಚಿಕ್ಕಪ್ಪ!"

"ಮೆಲ್ಲಗೆ ರೀ!" ಅವಳು ಅವನ ತೋಳು ಹಿಡಿದಳು. "ಎಲ್ಲರೂ ನೋಡ್ತಿದ್ದಾರೆ..."

"ನೋಡ್ಲಿ ಬಿಡಿ," ಅಂದ ಅವನು. ಅವಳು ಹಿಡಿದ ತೋಳನ್ನು ಬಿಡಲಿಲ್ಲ.