ಸುಲಿದುಹೋದ ಬೆಳ್ಳಿ ಪದರ

“ಸುಳ್ಳು ಮಾತ್ರ ಹೇಳ್ಬೇಡಪ್ಪ,” ಎಂದಳು ಮುದುಕಿ, ಹಳೆಯ ಗೇಮ್ ಡಿಸ್ಕೊಂದನ್ನು ಮೇಜಿನ ಮೇಲಿಟ್ಟು. “ಹಾಳಾದ್ರೆ ಹಾಳಾಯ್ತು ಅನ್ನು. ಇದಕ್ಕೆ ಮಾಟ ಮಾಡಿಸಿದೀನಿ. ಕೆಡಿಸಿ ಸುಳ್ಳು ಹೇಳಿದೋನಿಗೂ ಇದರ ಗತಿನೇ ಆಗುತ್ತೆ.”

ರಿಪೇರಿ ಅಂಗಡಿಗೆ ಸೇರಿ ವಾರವಷ್ಟೇ ಆಗಿದ್ದ ಮೆಕ್ಯಾನಿಕ್ಕು ನಗು ತಡೆದುಕೊಂಡ. “ಗೇಮ್ ಡಿಸ್ಕಿಗೂ ಮಾಟನಾ ಅಜ್ಜಿ? ವಾರಂಟಿ ಎಷ್ಟು ವರ್ಷ?”

ಮುದುಕಿ ನಗಲಿಲ್ಲ. ತೀರಿಹೋದ ಮಗ ತಾನೇ ಕೂತು ಕಟ್ಟಿದ ಆಟ ಅದು. ಉಳಿದದ್ದು ಆ ಒಂದೇ ಪ್ರತಿ. ಈಚೆಗೆ ಓಡಿದರೆ ಓಡಿತು, ಇಲ್ಲದಿದ್ದರೆ ಇಲ್ಲ.

ಬೆಳಕಿಗೆ ಹಿಡಿದರೆ ಡಿಸ್ಕಿನ ಬೆಳ್ಳಿ ಪದರದ ತುಂಬ ಸೂಜಿಮೊನೆಯಷ್ಟು ತೂತುಗಳು. ಅಂಚಿನಲ್ಲಿ ಕಂಚಿನ ಬಣ್ಣದ ಕೊಳೆ, ಹಳಸಿದ ಹುಳಿ ವಾಸನೆ. ಮೊದಲು ಇದ್ದಷ್ಟನ್ನು ನಕಲು ಮಾಡಿಕೋ ಎಂದು ಅಂಗಡಿಯ ಯಜಮಾನ ಹೇಳಿಹೋಗಿದ್ದ. ನಕಲಿಗೆ ಒಂದು ಗಂಟೆ, ಪಾಲಿಶಿಗೆ ಎರಡು ನಿಮಿಷ. ಅವನು ಡಿಸ್ಕನ್ನು ನೇರ ಉಜ್ಜುವ ಯಂತ್ರಕ್ಕೆ ಕೊಟ್ಟ. ಗರ್ರೆಂಬ ಸದ್ದಿನ ನಡುವೆ ಏನೋ ಚಟ್ಟೆಂದಿತು. ಮುಚ್ಚಳ ತೆರೆದಾಗ ಬೆಳ್ಳಿಯೆಲ್ಲ ಹೊಟ್ಟಿನಂತೆ ಸುಲಿದು ಬಿದ್ದಿತ್ತು.

ಸಂಜೆ ಮುದುಕಿ ಬಂದಳು.

“ತರುವಾಗ್ಲೇ ಹೋಗಿತ್ತು ಅಜ್ಜಿ,” ಎಂದ, ಕಣ್ಣು ತಪ್ಪಿಸಿ.

ಅವಳು ಆ ಬರಿಯ ಪ್ಲಾಸ್ಟಿಕ್ ಬಿಲ್ಲೆಯನ್ನು ಎದೆಗೊತ್ತಿಕೊಂಡು ಹೊರಟಳು.

ಯಂತ್ರ ಒರೆಸಲೆಂದು ಮೇಜಿನ ದೀಪದಡಿ ಕೈ ಚಾಚಿದ. ಕೈಯ ನೆರಳಿನಲ್ಲಿ ಒಂದು ಬೆಳಕಿನ ಚುಕ್ಕೆ. ಅಂಗೈ ಎತ್ತಿ ನೋಡಿದ. ತೂತು. ನೋವಿಲ್ಲ, ರಕ್ತವಿಲ್ಲ. ಆಚೆಯ ಬಲ್ಬು ಕಾಣುತ್ತಿತ್ತು. ಎರಡಾಯಿತು. ಐದಾಯಿತು. ಅದೇ ಹುಳಿ ವಾಸನೆ, ಈಗ ಅವನ ಚರ್ಮದಿಂದ. ಕಿರುಬೆರಳು ಪುಡಿಪುಡಿಯಾಗಿ ಉದುರಿತು. ಪಕ್ಕದ್ದೂ.

ಓಡಿದ. ಬೀದಿಯ ತಿರುವಿನಲ್ಲಿ ಅವಳನ್ನು ಅಡ್ಡಗಟ್ಟಿದ. ಜನ ನಿಂತು ನೋಡಿದರು.

“ನಾನೇ ಕೆಡ್ಸಿದ್ದು ಅಜ್ಜಿ. ನಿಮ್ಗೆ ಸುಳ್ಳು ಹೇಳ್ದೆ.”

ಉದುರುವುದು ಅಲ್ಲಿಗೇ ನಿಂತಿತು. ತೂತುಗಳು ಮುಚ್ಚಲಿಲ್ಲ. ಮುದುಕಿ ಅವನ ಕೈಯ ಕಡೆ ನೋಡಲೇ ಇಲ್ಲ. ಅವನ ಮುಖವನ್ನೇ ನೋಡುತ್ತ ಹತ್ತಿರ ಬಂದಳು.

“ಹೋಗ್ಲಿ ಬಿಡು. ಉಜ್ಜೋಕೆ ಮುಂಚೆ ಒಂದ್ಸಲ ಹಾಕಿ ನೋಡಿರ್ತೀಯಲ್ಲ? ನಂಗೆ ಅದನ್ನ ಆಡೋಕೆ ಬರ್ತಿರ್ಲಿಲ್ಲ, ಆಟದ ಮೊದಲ್ನೇ ಬಾಗ್ಲು ದಾಟಿ ಒಳಗೆ ಹೋಗೋದೇ ಗೊತ್ತಾಗ್ಲಿಲ್ಲ. ಒಳಗೆ ಏನು ಮಾಡಿಟ್ಟಿದ್ದ ನನ್ನ ಮಗ, ಹೇಳು.”

ಒಂದು ತೋಟ, ಒಂದು ನದಿ, ಅಮ್ಮನಂಥ ಒಂದು ಗೊಂಬೆ, ಏನನ್ನಾದರೂ ಕಟ್ಟಿ ಹೇಳಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ತಲೆ ತಗ್ಗಿಸಿದ.

“ನಾನು ನೋಡ್ಲೇ ಇಲ್ಲ ಅಜ್ಜಿ.”